ಊರು ಯಾವುದು?

2005ರ ಜುಲೈ ಕೊನೆಯಲ್ಲಿ ಅಪ್ಪ ನನ್ನನ್ನು ಕೊಡೈಕೆನಾಲ್ ಇಂಟರ್‌ನ್ಯಾಷನಲ್ ಸ್ಕೂಲಿಗೆ ಬಿಟ್ಟು ಹೋದರು. ಆಗ ಒಂಬತ್ತನೇ ಕ್ಲಾಸು. ಹಾಸನದಿಂದ ಹೊರಟಾಗ ಬ್ಯಾಗಿನಲ್ಲಿ ಎರಡು ಡಬ್ಬಿ ಚಕ್ಕುಲಿ, ಒಂದು ಡಬ್ಬಿ ಚಟ್ನಿಪುಡಿ ಇತ್ತು. ಕೊಡೈ ರೋಡ್ ಸ್ಟೇಷನ್ನಿನಿಂದ ಮೇಲಕ್ಕೆ ಸುಮಾರು 80 ಕಿಲೋಮೀಟರ್ ಘಾಟಿ ರಸ್ತೆ. ನಾವು ತಲುಪಿದಾಗ ಕೆರೆ ಮಂಜಿನಲ್ಲಿ ಪೂರ್ತಿ ಮುಚ್ಚಿಹೋಗಿತ್ತು.

ನಮ್ಮ ಕಡೆ ಯಾರೇ ಸಿಕ್ಕರೂ ಮೊದಲು ಕೇಳುವುದು "ಯಾವೂರು?" ಅಂತ ಅಲ್ವಾ? ರೂಮ್‌ಮೇಟಿಗೆ ನಾನೂ ಅದನ್ನೇ ಕೇಳಿದೆ. ಅವಳು ತುಂಬಾ ಹೊತ್ತು ಸುಮ್ಮನಿದ್ದಳು. ಪಾಸ್‌ಪೋರ್ಟು ಕೊರಿಯಾದ್ದು. ಹುಟ್ಟಿದ್ದು ನೈರೋಬಿಯಲ್ಲಿ. ಅಪ್ಪ ಅಮ್ಮ ಇರುವುದು ಢಾಕಾದಲ್ಲಿ. ಕೊರಿಯಾದ ಸೋಲ್ ನಗರದಲ್ಲಿ ಅವಳು ಕಳೆದಿದ್ದು ನಾಲ್ಕು ರಜೆ, ಅಷ್ಟೇ. "ನಾಳೆ ಹೇಳ್ತೀನಿ" ಅಂದಳು. ಮಾರನೇ ದಿನವೂ ಹೇಳಲಿಲ್ಲ.

ಈ ಸ್ಕೂಲು ಹುಟ್ಟಿದ್ದೇ ಇಂಥ ಮಕ್ಕಳಿಗಾಗಿ. 1901ರಲ್ಲಿ, ಅಮೆರಿಕನ್ ಮಿಷನರಿಗಳ ಮಕ್ಕಳಿಗೆ ಅಂತ ಶುರುವಾಯಿತು. ಕೆಳಗಿನ ಊರುಗಳ ಬಿಸಿಲು, ಜ್ವರದಿಂದ ದೂರ ಇದ್ದು ಓದಲಿ ಅಂತ. 1970ರ ದಶಕದಲ್ಲಿ ಬೇರೆ ದೇಶಗಳ ಮಕ್ಕಳು, ನಮ್ಮ ದೇಶದ ಮಕ್ಕಳು ಜಾಸ್ತಿ ಬರತೊಡಗಿದರು. 1976ರಲ್ಲಿ ಐಬಿ ಬಂತು, ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್, ಹಲವು ದೇಶಗಳಲ್ಲಿ ನಡೆಯುವ ಪಿಯುಸಿ ಮಟ್ಟದ ಎರಡು ವರ್ಷದ ಕೋರ್ಸು. ಭಾರತದಲ್ಲಿ ಅದನ್ನು ತಂದ ಮೊದಲ ಸ್ಕೂಲು ನಮ್ಮದೇ ಅಂತ ನನಗೆ ಇವತ್ತಿಗೂ ಹೆಮ್ಮೆ. ಆದರೆ ನನ್ನ ಐಬಿಯ ಎರಡು ವರ್ಷದಲ್ಲಿ 4,000 ಪದಗಳ ಪ್ರಬಂಧಕ್ಕೆ ನಿದ್ದೆಗೆಟ್ಟಿದ್ದು ಬಿಟ್ಟರೆ ಹೆಚ್ಚೇನೂ ನೆನಪಿಲ್ಲ.

ನೆನಪಿರುವುದು ಶನಿವಾರದ ರಾತ್ರಿಗಳು. ಅವಳು ಚಕ್ಕುಲಿಯನ್ನು ಮುರಿಯುತ್ತಿರಲಿಲ್ಲ. ಹೊರಗಿನ ತುದಿ ಹಿಡಿದು ಸುತ್ತಿನ ಗುಂಟ ಕಚ್ಚುತ್ತಾ ಒಳಗೆ ಹೋಗುತ್ತಿದ್ದಳು. ನಡುವಿನ ಚೂರು ನನಗೆ. ಅವಳ ಮನೆಯಿಂದ ಗಿಮ್ ಬರುತ್ತಿತ್ತು. ಕಡಲ ಪಾಚಿಯ ತೆಳ್ಳಗಿನ ಹಾಳೆ, ಮೇಲೆ ಎಳ್ಳೆಣ್ಣೆ ಸವರಿದ್ದು. ಅದರಲ್ಲಿ ಅನ್ನ, ಚಟ್ನಿಪುಡಿ ಇಟ್ಟು ಸುತ್ತಿಕೊಂಡು ತಿನ್ನುತ್ತಿದ್ದೆವು. ಮೊದಲ ಸಲ ಆ ಹಾಳೆ ಮೂಗಿನ ಹತ್ತಿರ ಬಂದಾಗ ನನಗೆ ಅಳು ಬಂತು. ನಮ್ಮ ಮನೆಯ ದೀಪಾವಳಿ ಬೆಳಗ್ಗೆ, ಅಜ್ಜಿ ತಲೆಗೆ ಎಣ್ಣೆ ತಟ್ಟುವಾಗಿನ ವಾಸನೆ ಅದು. ಅವಳು ಏನೂ ಕೇಳದೆ ಇನ್ನೊಂದು ಹಾಳೆ ಕೈಗಿಟ್ಟಳು.

ಇಬ್ಬರೂ ತಮಿಳು ಕಲಿತಿದ್ದು ಊಟದ ಕೋಣೆಯ ಅಕ್ಕಂದಿರಿಂದ. ಕನ್ನಡ ಬರುವ ನನಗಿಂತ ಅವಳೇ ಬೇಗ ಕಲಿತಳು.

2006ರಲ್ಲಿ ನೀಲಕುರಿಂಜಿ ಅರಳಿತು. 12 ವರ್ಷಕ್ಕೊಮ್ಮೆ ಅರಳುವ ಹೂವು. ಬೆಟ್ಟದ ಇಳಿಜಾರಿನಲ್ಲಿ ಸೊಂಟದವರೆಗೆ ಹೂವಿನ ನಡುವೆ ನಿಂತಿದ್ದೆವು. ಜೇನುಹುಳಗಳ ಸದ್ದು ಎಷ್ಟಿತ್ತು ಅಂದರೆ ಮಾತಾಡಬೇಕಾದರೆ ಕಿವಿಯ ಹತ್ತಿರ ಬರಬೇಕಿತ್ತು. 2018ಕ್ಕೆ ಮತ್ತೆ ಬರೋಣ ಅಂದುಕೊಂಡೆವು. ಹದಿನೈದು ವರ್ಷದವರಿಗೆ 2018 ಅಂದರೆ ಎಷ್ಟು ದೂರ!

ಬಂದೆವು. ನಾನು ಬೆಂಗಳೂರಿನಿಂದ, ಅವಳು ಟೊರೊಂಟೊದಿಂದ. ಜೋರು ಮಳೆ. ಹೂವು ನೋಡಲು ಹೋಗುವ ಮೊದಲು ಕೆರೆ ಪಕ್ಕದ ಟೀ ಅಂಗಡಿಯಲ್ಲಿ ನಿಂತೆವು. ಅಂಗಡಿಯ ಅಜ್ಜಿ ಅವಳ ಮುಖ ನೋಡಿ, "ಎಂದ ಊರಮ್ಮಾ?" ಅಂತ ತಮಿಳಿನಲ್ಲಿ ಕೇಳಿದರು. ಯಾವೂರಮ್ಮಾ?

ಅವಳು ಟೀ ಲೋಟ ಕೆಳಗಿಟ್ಟಳು. ಈ ಸಲ ಯೋಚಿಸಲೇ ಇಲ್ಲ.

"ಇಂದ ಊರು ದಾನ್, ಪಾಟಿ" ಅಂದಳು. ಇದೇ ಊರು, ಅಜ್ಜಿ.