ರಿಕ್ಟರ್ ಗೊತ್ತು, ಕನಾಮೊರಿ ಯಾರು?

ನಮ್ಮ ಮಂಡ್ಯ ಕಡೆ ಎಲ್ಲಾದರೂ ‘ಢಂ’ ಅಂತ ಶಬ್ದ ಬಂದರೆ ಸಾಕು, ಕನ್ನಂಬಾಡಿ ಕಟ್ಟೆಗೆ ಏನಾಯ್ತೋ ಅಂತ ಊರಿಗೂರೇ ಎದ್ದು ಕೂರುತ್ತದೆ. ಟೀ ಅಂಗಡಿಯಲ್ಲಿ ಒಬ್ಬ ಗಣಿಯಲ್ಲಿ ಬಂಡೆ ಸಿಡಿಸಿದ್ದು ಅಂತಾನೆ, ಇನ್ನೊಬ್ಬ ಭೂಕಂಪ ಅಂತಾನೆ, ಮೂರನೆಯವನು ‘ರಿಕ್ಟರ್‌ನಲ್ಲಿ ಎಷ್ಟಂತೆ?’ ಅಂತ ಕೇಳುತ್ತಾನೆ. ಸಣ್ಣ ನಡುಕಕ್ಕೆ ಆ ಪ್ರಶ್ನೆ ಸರಿಯೇ. ಆದರೆ ಸುಮಾತ್ರ, ಜಪಾನ್‌ನ ಮಹಾಕಂಪಗಳಿಗೂ ಟಿವಿಯವರು ‘ರಿಕ್ಟರ್ ಮಾಪಕದಲ್ಲಿ 9’ ಅಂತ ಓದುವಾಗ ಮೈ ಪರಚಿಕೊಳ್ಳುವಂತಾಗುತ್ತದೆ. ಆ ಅಳತೆಯಲ್ಲಿ 9 ಬರೋದೇ ಇಲ್ಲ. ಆ 9ರ ಹಿಂದೆ ಇರುವವರು ಹಿರೂ ಕನಾಮೊರಿ.

ಟೋಕಿಯೊದಲ್ಲಿ 1936ರಲ್ಲಿ ಹುಟ್ಟಿ, ಅಮೆರಿಕದ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆ ಕ್ಯಾಲ್‌ಟೆಕ್‌ನಲ್ಲಿ ದಶಕಗಟ್ಟಲೆ ಕೆಲಸ ಮಾಡಿದ ಭೂಭೌತ ವಿಜ್ಞಾನಿ. (ರಿಕ್ಟರ್ ಕೂಡ ಅಲ್ಲಿಯವರೇ!) ಇವರ ಕೆಲಸದ ಬಹುಪಾಲು ಸಬ್‌ಡಕ್ಷನ್ ವಲಯಗಳ ಸುತ್ತ, ಅಂದರೆ ಸಮುದ್ರದಡಿಯ ಒಂದು ಭೂಫಲಕ ಇನ್ನೊಂದರ ಅಡಿಗೆ ನುಗ್ಗುವ ಜಾಗಗಳು. ಅಲ್ಲಿ ಫಲಕಗಳು ನೂರಾರು ವರ್ಷ ಕಚ್ಚಿಕೊಂಡಿದ್ದು ಒಮ್ಮೆಲೇ ಜಾರುತ್ತವೆ. ಜಗತ್ತಿನ ಅತಿ ದೊಡ್ಡ ಭೂಕಂಪಗಳೆಲ್ಲ ಅಲ್ಲಿಯವೇ.

ತೊಂದರೆ ಏನಿತ್ತು ಅಂದರೆ, ದೂರದ ದೊಡ್ಡ ಕಂಪಗಳನ್ನು ಸುಮಾರು 20 ಸೆಕೆಂಡಿಗೊಮ್ಮೆ ಏರಿಳಿಯುವ ಅಲೆ ಹಿಡಿದು ಅಳೆಯುತ್ತಿದ್ದರು. ನೆಲವೇ ನಿಮಿಷಗಟ್ಟಲೆ ಸೀಳುತ್ತಾ ಹೋದರೆ ಆ ಅಲೆಗೆ ಅದು ಗೊತ್ತೇ ಆಗುವುದಿಲ್ಲ. ಆಲೆಮನೆಯಲ್ಲಿ ಬೆಲ್ಲ ತೂಗುವ ತಕ್ಕಡಿ ಮೇಲೆ ಕಬ್ಬಿನ ಲಾರಿ ಹತ್ತಿಸಿದ ಹಾಗೆ, ಮುಳ್ಳು ಕೊನೆಗೆ ಹೋಗಿ ನಿಲ್ಲುತ್ತದೆ, ಒಂದು ಲಾರಿಯೋ ಎರಡೋ ತಿಳಿಯದು. ಹೀಗಾಗಿ 1906ರ ಸ್ಯಾನ್ ಫ್ರಾನ್ಸಿಸ್ಕೊ ಮತ್ತು 1960ರ ಚಿಲಿ ಕಂಪಗಳು ಕಾಗದದ ಮೇಲೆ ಹೆಚ್ಚುಕಡಿಮೆ ಒಂದೇ ಆಗಿದ್ದವು. ಕನಾಮೊರಿ 1977ರಲ್ಲಿ ಬೇರೆ ದಾರಿ ಹಿಡಿದರು. ಎಷ್ಟು ವಿಸ್ತಾರ ಜಾರಿತು, ಎಷ್ಟು ಮೀಟರ್ ಜಾರಿತು, ಬಂಡೆ ಎಷ್ಟು ಗಟ್ಟಿ, ಇಷ್ಟನ್ನೂ ಗುಣಿಸು. ಈ ಗುಣಾಕಾರ ಇನ್ನೊಬ್ಬ ಭೂಕಂಪ ವಿಜ್ಞಾನಿ ಕೇಯಿಟಿ ಆಕಿ ಅವರದು, 1966ರದ್ದು. ಅದನ್ನು ಜನಕ್ಕೆ ಪರಿಚಯವಿದ್ದ ಅಂಕಿಗೆ ಇಳಿಸಿದ್ದು ಕನಾಮೊರಿ. ಈಗ ಚಿಲಿ 9.5, ಸ್ಯಾನ್ ಫ್ರಾನ್ಸಿಸ್ಕೊ 7.9. ಒಂದು ಅಂಕಿ ಏರಿದರೆ ಶಕ್ತಿ ಸುಮಾರು 32 ಪಟ್ಟು ಅನ್ನೋದನ್ನು ನೆನಪಿಟ್ಟುಕೊಂಡು ನೋಡಿ!

ಇದು ಬರೀ ಲೆಕ್ಕದ ಜಗಳ ಅಲ್ಲ. 2004ರ ಡಿಸೆಂಬರ್ 26ರ ಬೆಳಿಗ್ಗೆ ಹವಾಯಿಯ ಸುನಾಮಿ ಕೇಂದ್ರ ಸುಮಾರು ಕಾಲು ಗಂಟೆಯಲ್ಲಿ ಹೇಳಿದ ಅಂಕಿ 8.0. ಒಂದು ಗಂಟೆ ಕಳೆದ ಮೇಲೆ 8.5. ನಿಜವಾದ 9ರ ಆಸುಪಾಸಿನ ಅಂಕಿ ಬರುವಷ್ಟರಲ್ಲಿ ಅಲೆ ತಮಿಳುನಾಡಿನ ಕರಾವಳಿಯನ್ನು ಬಡಿದಾಗಿತ್ತು. ಅವತ್ತು ಸುಮಾತ್ರ ಕಡೆ ಸಮುದ್ರದಡಿ ನೆಲ ಸೀಳಿದ ಉದ್ದ ಸುಮಾರು 1,300 ಕಿ.ಮೀ., ಅಂದರೆ ಮೈಸೂರಿನಿಂದ ಹೊರಟು ಮುಂಬೈ ದಾಟಿ ಹೋದಷ್ಟು. ಬೇಗ ಅಳೆಯುವ ಉಪಾಯವನ್ನೂ ಕನಾಮೊರಿ 1993ರಲ್ಲೇ ಬರೆದಿದ್ದರು. ಡಬ್ಲ್ಯೂ ಫೇಸ್ ಅಂತ ಅದರ ಹೆಸರು, ಬಹಳ ನಿಧಾನಕ್ಕೆ ಏರಿಳಿದರೂ ಬೇಗ ಬಂದು ಮುಟ್ಟುವ ಅಲೆ. 2011ರ ಜಪಾನ್ ಕಂಪಕ್ಕೆ ಈ ವಿಧಾನದಿಂದ ಅರ್ಧ ಗಂಟೆಯೊಳಗೇ 9ರ ಹತ್ತಿರದ ಅಂಕಿ ಸಿಕ್ಕಿತು.

ನನಗೆ ಜಾಸ್ತಿ ಇಷ್ಟವಾದದ್ದು ಅವರ 1972ರ ಲೇಖನದ ವಿಷಯ. 1896ರ ಜೂನ್ 15ರ ಸಂಜೆ, ಜಪಾನ್‌ನ ಸಾನ್ರಿಕು ಕರಾವಳಿಯಲ್ಲಿ ಹಬ್ಬ. ನೆಲ ಸುಮ್ನೆ ಮೆಲ್ಲಗೆ ಅಲುಗಾಡಿತು. ಅಂಥದ್ದು ಅಲ್ಲಿ ಮಾಮೂಲಿ, ಯಾರೂ ಊಟ ಬಿಟ್ಟು ಏಳಲಿಲ್ಲ. ಅರ್ಧ ಗಂಟೆಯ ಮೇಲೆ ನೀರು ಬಂತು. ಸತ್ತವರು ಸುಮಾರು 22,000. ನಡುಕ ಸಣ್ಣದು, ಅಲೆ ದೊಡ್ಡದು, ಹೀಗೂ ಆಗುತ್ತದೆ, ಏಕೆಂದರೆ ಅಲ್ಲಿ ಬಂಡೆ ನಿಧಾನವಾಗಿ ಜಾರಿತ್ತು ಅಂತ ಕನಾಮೊರಿ ತೋರಿಸಿದರು.

ಹಾಗಂತ ಇವರು ಹೇಳಿದ್ದೆಲ್ಲ ಗೆದ್ದಿತು ಅಂತಲ್ಲ. 1980ರಲ್ಲಿ ಭೂಕಂಪ ವಿಜ್ಞಾನಿ ಲ್ಯಾರಿ ರಫ್ ಜೊತೆ ಸೇರಿ ಇನ್ನೊಂದು ಮಾತು ಹೇಳಿದ್ದರು. ನುಗ್ಗುವ ಫಲಕ ಎಳೆಯದಾಗಿದ್ದು ವೇಗವಾಗಿ ಬರುತ್ತಿದ್ದರೆ ಮಾತ್ರ ಮಹಾಕಂಪ, ಹಳೆಯದು ನಿಧಾನಕ್ಕೆ ಬಂದರೆ ಅಷ್ಟಿಲ್ಲ. ಚಿಲಿಗೆ ಸರಿಹೊಂದಿತು. ಓದೋಕೂ ಚೆನ್ನಾಗಿತ್ತು, ಬಹಳ ಜನ ನಂಬಿದರು. ಸುಮಾತ್ರ-ಅಂಡಮಾನ್ ಭಾಗದಲ್ಲಿ ಫಲಕ ಎಳೆಯದೂ ಅಲ್ಲ, ವೇಗವೂ ಇಲ್ಲ, ಆದರೂ 2004ರಲ್ಲಿ ಸೀಳಿತು. ಜಪಾನ್‌ನ ಫಲಕಕ್ಕೆ ಸುಮಾರು 13 ಕೋಟಿ ವರ್ಷ, ಅಲ್ಲೂ 2011ರಲ್ಲಿ ಸೀಳಿತು. ನನ್ನ ಪ್ರಕಾರ ಆ ಸೂತ್ರ ಕೊಟ್ಟ ಸಮಾಧಾನ ದುಬಾರಿಯಾಯಿತು. ಆದರೆ ಅದು ತಪ್ಪೆಂದು ಅಳೆದು ತೋರಿಸಿದ್ದೂ ಅವರದೇ ಅಳತೆಗೋಲು, ಅಲ್ವಾ?

ನಮ್ಮ ಪಶ್ಚಿಮ ಕರಾವಳಿಗೆ ಎದುರಾಗಿ ಮಕ್ರಾನ್ ವಲಯ ಇದೆ, ಪಾಕಿಸ್ತಾನ-ಇರಾನ್ ದಡದ ಹತ್ತಿರ. 1945ರ ನವೆಂಬರ್‌ನಲ್ಲಿ ಅಲ್ಲಿ 8.1ರ ಕಂಪವಾಗಿ ಮುಂಬೈವರೆಗೂ ಸುನಾಮಿ ಬಂದಿತ್ತು. ಹೈದರಾಬಾದಿನ ಸುನಾಮಿ ಕೇಂದ್ರ 2007ರಿಂದ ಆ ಕಡೆಗೂ ಕಣ್ಣಿಟ್ಟಿದೆ. ಕಾರವಾರಕ್ಕೆ ಕೊಟ್ಟ ನನ್ನ ತಂಗಿಗೆ ಮೊನ್ನೆ ಫೋನಿನಲ್ಲಿ ಇದೆಲ್ಲ ಹೇಳಿದೆ. ದಡದಲ್ಲಿದ್ದಾಗ ನಡುಕ ಎಷ್ಟೇ ಮೆಲ್ಲಗಿರಲಿ, ತುಂಬ ಹೊತ್ತು ನಡೆದರೆ, ಇಲ್ಲಾ ನೀರು ಹಿಂದಕ್ಕೆ ಸರಿದರೆ, ಮೊಬೈಲ್ ನೋಡ್ತಾ ನಿಲ್ಲಬೇಡ, ಮಕ್ಕಳನ್ನು ಕರ್ಕೊಂಡು ಗುಡ್ಡ ಹತ್ತು ಅಂತ. ‘ಮಂಡ್ಯದಲ್ಲಿ ಕೂತ್ಕೊಂಡು ನಮಗೆ ಸಮುದ್ರ ಹೇಳ್ಕೊಡ್ತೀಯೇನೋ ಅಣ್ಣ’ ಅಂತ ನಕ್ಕಳು. ಆಮೇಲೆ, ಮನೆ ಹಿಂದೆ ಗುಡ್ಡಕ್ಕೆ ದಾರಿ ಇದೆ, ಮಳೆಗಾಲದಲ್ಲಿ ಸ್ವಲ್ಪ ಜಾರುತ್ತೆ ಅಂದಳು.