ಸುಲಿತದ ಅಂಗಳದಲ್ಲಿ ಯುರೋಪಿನ ಪ್ರಶ್ನೆಗಳು

ಜನವರಿ 12, 2025, ಭಾನುವಾರ

ಇಡೀ ದಿನ ಅಡಿಕೆ ಕೊಯ್ಲಿನ ಗಡಿಬಿಡಿ. ಅದರಲ್ಲಿ ಬರೆಯುವಂಥದ್ದು ಏನೂ ಇಲ್ಲ. ಸಂಜೆ ಅಡಿಕೆ ಸಿಪ್ಪೆ ತೆಗೆಯೋ ಸುಲಿತಕ್ಕೆ ಕೂತಾಗ ನಡೆದ ಮಾತು ಮಾತ್ರ ತಲೆಯಿಂದ ಹೋಗ್ತಾ ಇಲ್ಲ.

ಅಕ್ಕನ ಮಗಳು ಡಬ್ಲಿನ್‌ನಲ್ಲಿ ಸಾರ್ವಜನಿಕ ಆರೋಗ್ಯ ಓದ್ತಾ ಇದ್ದಾಳಲ್ಲ, ಅವಳಿಗೀಗ ದೇಶದೇಶಗಳ ಕೆಲಸಗಾರರ ಸಮೀಕ್ಷೆಯದ್ದೇ ಹುಚ್ಚು. ಯೂರೋಫೌಂಡ್ ಅನ್ನೋ ಸಂಸ್ಥೆ ಅದೇ ಊರಿನಲ್ಲಿದೆ. 1990ರ ದಶಕದ ಶುರುವಿನಿಂದಲೂ ಯುರೋಪಿನ ಕೆಲಸಗಾರರನ್ನು ಹುಡುಕಿ ಹುಡುಕಿ ಕೇಳ್ತಾ ಬಂದಿದೆ. ನಿಮ್ಮ ಕೆಲಸ ಹೇಗಿದೆ, ಮೈ ಹೇಗಿದೆ, ಮನಸ್ಸು ಹೇಗಿದೆ ಅಂತ. 2015ರಲ್ಲಿ 35 ದೇಶಗಳಲ್ಲಿ ಸುಮಾರು 44 ಸಾವಿರ ಜನರನ್ನು ಮುಖಾಮುಖಿ ಕೂತು ಮಾತಾಡಿಸಿದ್ದರಂತೆ. ಪ್ರಶ್ನೆಗಳನ್ನೆಲ್ಲ ನನಗೆ ಕಳಿಸಿ, "ಚಿಕ್ಕಿ, ಸುಮ್ನೆ ಒಂದ್ಸಲ ನಮ್ಮನೆ ಸುಲಿತದವರನ್ನ ಕೇಳಿ ನೋಡು" ಅಂದಿದ್ದಳು. ಕೇಳಿದೆ.

ಸುಲಿಯಲು ಬರುವ ಕೆಳಗಿನ ಕೇರಿಯ ಅಕ್ಕ ಮೆಟ್ಟುಗತ್ತಿ (ಮಣೆಗೆ ಕೂರಿಸಿದ ಕತ್ತಿ) ಮೇಲೆ ಕೂತರೆ ಅವಳ ಕೈ ನೋಡೋದೇ ಒಂದು ಚಂದ. ಅಡಿಕೆ ಕತ್ತಿಗೆ ಒತ್ತೋದು, ತಿರುಗಿಸೋದು, ಸಿಪ್ಪೆ ಆಚೆ, ಬೇಳೆ ಈಚೆ. ಹೆಬ್ಬೆರಳಿಗೆ ಸುತ್ತಿದ ಬಟ್ಟೆ ಚೊಗರು ಹಿಡಿದು ಕಪ್ಪಾಗಿದೆ. "ಕೈಯಲ್ಲಿ ಒಂದೇ ಥರದ ಚಲನೆ ಮತ್ತೆ ಮತ್ತೆ ಮಾಡಬೇಕಾಗ್ತದಾ? ಇಡೀ ಹೊತ್ತೂನಾ, ಮುಕ್ಕಾಲು ಪಾಲಾ, ಅರ್ಧವಾ, ಕಾಲು ಪಾಲಾ?" ಅಂತ ಓದಿದೆ. ಸಾಲಲ್ಲಿ ಕೂತವರೆಲ್ಲ ನಕ್ಕರು. ನನಗೂ ನಗು ತಡೆಯಲಿಲ್ಲ.

ಕಳೆದ ಎರಡು ವಾರದಲ್ಲಿ ಬೆಳಿಗ್ಗೆ ಏಳುವಾಗ ಮೈ ಹಗುರ ಇತ್ತಾ ಅಂತ ಇನ್ನೊಂದು. ಇದು ವಿಶ್ವ ಆರೋಗ್ಯ ಸಂಸ್ಥೆಯ ಐದು ಪ್ರಶ್ನೆಗಳಲ್ಲಿ ಬರ್ತದೆ. ಒಂದೊಂದಕ್ಕೆ ಸೊನ್ನೆಯಿಂದ ಐದರವರೆಗೆ ಅಂಕ. ಕೂಡಿಸಿ ನಾಲ್ಕರಿಂದ ಗುಣಿಸಿದರೆ ನೂರಕ್ಕೆ ಇಷ್ಟು ಅಂತ ನಮ್ಮ ನೆಮ್ಮದಿ ಸಿಗ್ತದೆ. "ಏಳುವಾಗ ಕತ್ತಲೆ ಇರ್ತದೆ ತಂಗಿ, ಹಗುರವೋ ಭಾರವೋ ಯಾರು ನೋಡ್ಕಂಡಿದ್ರು" ಅಂದಳು ಕೇರಿಯ ಅಕ್ಕ. ದಿನಗಳಲ್ಲಿ ಮನಸ್ಸಿಗೆ ಹಿಡಿಸುವಂಥದ್ದು ತುಂಬಿತ್ತಾ ಅಂತ ಕೇಳಿದ್ದಕ್ಕೆ, "ಈ ವರ್ಷ ಮಾರಿ ಜಾತ್ರೆ ಇಲ್ವಲ್ಲ." ಇದಕ್ಕೆ ಎಷ್ಟು ಅಂಕ ಹಾಕಲಿ?

ಬೆನ್ನು ನೋವು? ಇಲ್ಲ. ಕುತ್ತಿಗೆ, ಭುಜ? ಇಲ್ಲ. ಕಾಲು? ಇಲ್ಲ. ಕಾಲೇಜಿನ ಪೇಪರ್ ತಿದ್ದಿ ತಿದ್ದಿ ನನ್ನ ಕುತ್ತಿಗೆ ಹಿಡಿದುಕೊಂಡಿದೆ, ಅವಳದ್ದು ಸರಿ ಇದೆಯಂತೆ! ಹಿಂದೆ ಆಯಿ (ನನ್ನ ಅಮ್ಮ) ಚಾ ಪಾತ್ರೆ ಹಿಡಿದು ನಿಂತಿದ್ದರು. ನಾನು ಈ ಮನೆ ಮಗಳು, ಕೇಳಿದ್ದು ಈ ಮನೆ ಅಂಗಳದಲ್ಲಿ. ಬೆನ್ನು ನೋವು ಅಂದರೆ ನಾಳೆ ಬೇರೆಯವರನ್ನು ಕರೆದಾರು ಅನ್ನೋ ಅಳುಕು ಯಾರಿಗೂ ಇರ್ತದೆ. ಮಧ್ಯ ಅಮೆರಿಕದ ಆರು ದೇಶಗಳಲ್ಲಿ 2011ರಲ್ಲಿ ಇಂಥದ್ದೇ ಸಮೀಕ್ಷೆ ಮಾಡಿದವರು 12 ಸಾವಿರ ಜನರನ್ನು ಅವರವರ ಮನೆಯಲ್ಲೇ ಕೇಳಿದ್ದರಂತೆ. ಕೂಲಿ ಕೊಡುವವರ ಕಣ್ಣೆದುರು ಅಲ್ಲ. ಬೀದಿ ಬದಿ ಮಾರುವವರು, ಮನೆಗೆಲಸದವರು ಲೆಕ್ಕಕ್ಕೆ ಸಿಗೋದೂ ಹಾಗೆ ಹೋದರೆ ಮಾತ್ರ, ಅಲ್ವಾ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ನೋವಿನ ಪ್ರಶ್ನೆ ಅಲ್ಲ. "ಮನೆಯ ಕೆಲಸಕ್ಕೆ ಅಂತ ಮಧ್ಯೆ ಒಂದೆರಡು ಗಂಟೆ ಬಿಡುವು ತಗೊಳ್ಳೋದು ಸುಲಭವಾ, ಕಷ್ಟವಾ?" ಅಂತ ಒಂದಿದೆ.

"ಬಹಳ ಸುಲಭ. ಯಾರು ಬೇಡ ಅಂತ್ರು? ಎದ್ದು ಹೋದ್ರೆ ಆಯ್ತು."

ಹೌದಲ್ಲ, ಇಲ್ಲಿ ಕೂಲಿ ಕಿಲೋ ಲೆಕ್ಕ. ಎದ್ದು ಹೋದವರನ್ನು ಯಾರೂ ಕೇಳೋದಿಲ್ಲ. ಆ ಹೊತ್ತಿನ ದುಡ್ಡೂ ಇಲ್ಲ. ಮೊನ್ನೆ ಮೊಮ್ಮಗನಿಗೆ ಜ್ವರ ಅಂತ ಆಸ್ಪತ್ರೆಗೆ ಹೋದಳು, ಅರ್ಧ ದಿನದ ಸುಲಿತ ಹೋಯ್ತು. ಬಂದು ರಾತ್ರಿ ಹನ್ನೊಂದರವರೆಗೆ ಕೂತು ತುಂಬಿಸಿಕೊಂಡಳು. ಇದನ್ನೂ ಅವಳೇ ಹೇಳಿದ್ದು, ಅಡಿಕೆಯಿಂದ ಕಣ್ಣೆತ್ತದೆ. ಡಬ್ಲಿನ್ನಿನ ಆಫೀಸಿನಲ್ಲಿ ಕೂತವನೊಬ್ಬ ಸಂಬಳ ಮುರಿಸಿಕೊಳ್ಳದೆ ಎರಡು ಗಂಟೆ ಹೋಗಿಬಂದು "ಬಹಳ ಸುಲಭ" ಅನ್ನಬಹುದು. ಇಬ್ಬರದ್ದೂ ಒಂದೇ ಕಾಲಮ್ಮಿಗೆ ಬೀಳ್ತದೆ. ದೇಶ ದೇಶಗಳನ್ನು ಪಕ್ಕಪಕ್ಕ ಇಟ್ಟು ಚಾರ್ಟ್ ಬರೆದರೆ ನಮ್ಮ ಅಂಗಳ ಯುರೋಪಿಗಿಂತ ಆರಾಮ ಅಂತ ಕಾಣ್ತದೇನೋ!

ಅಕ್ಕನ ಮಗಳಿಗೆ ಫೋನಿನಲ್ಲಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದಕ್ಕೇ ಚಿಕ್ಕಿ, ಸಂಬಳ ಹೇಗೆ ಕೊಡ್ತಾರೆ ಅಂತಾನೂ ಕೇಳ್ತಾರೆ, ತುಂಡು ಲೆಕ್ಕವೋ ತಿಂಗಳ ಲೆಕ್ಕವೋ ಅಂತ" ಅಂದಳು. ಕೇಳ್ತಾರೆ ಸರಿ. ಎರಡೂ ಉತ್ತರವನ್ನು ಜೋಡಿಸಿ ಓದುವವರು ಎಷ್ಟು ಜನ? 2019ರಲ್ಲಿ ಯೂರೋಫೌಂಡೂ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಸೇರಿ 41 ದೇಶಗಳದ್ದು ಒಟ್ಟಿಗೆ ತಂದ ವರದಿ ಇದೆ. ವಾರಕ್ಕೆ 48 ಗಂಟೆಗಿಂತ ಜಾಸ್ತಿ ದುಡಿಯುವವರು ಯುರೋಪಿನಲ್ಲಿ ಆರರಲ್ಲಿ ಒಬ್ಬರು. ಕೊರಿಯಾ, ಟರ್ಕಿ, ಚಿಲಿಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ. ಭಾರತ ಆ ಪಟ್ಟಿಯಲ್ಲೇ ಇಲ್ಲ. ಇಲ್ಲಿ ಸರ್ಕಾರದವರು ಬಂದರೆ ಕೆಲಸ ಇದೆಯಾ, ಎಷ್ಟು ಗಂಟೆ, ಎಷ್ಟು ಕೂಲಿ ಅಂತ ಬರೆದುಕೊಂಡು ಹೋಗ್ತಾರೆ. ಸೊಂಟದ ಸುದ್ದಿ ಯಾರಿಗೆ ಬೇಕು.

ಗಂಟೆ ಅಂದಾಗ ನೆನಪಾಯ್ತು. ಮನೆಯ ವಾಟ್ಸಾಪ್ ಗುಂಪಿನಲ್ಲಿ ಬೆಂಗಳೂರಿನ ತಮ್ಮ ಮೂರು ದಿನದಿಂದ ಅದೇ ಕಳಿಸ್ತಾ ಇದ್ದಾನೆ. ದೊಡ್ಡ ಕಂಪನಿಯ ಮುಖ್ಯಸ್ಥರೊಬ್ಬರು ವಾರಕ್ಕೆ 90 ಗಂಟೆ ದುಡೀರಿ, ಭಾನುವಾರವೂ ಬನ್ನಿ ಅಂದರಲ್ಲ, ಆ ಜೋಕುಗಳು. ನಗು ಬರ್ತದೆ, ನಿಜ. ಆದರೆ ವಾರಕ್ಕೆ 55 ಗಂಟೆ, ಅದಕ್ಕೂ ಜಾಸ್ತಿ ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಕಾರ್ಮಿಕ ಸಂಸ್ಥೆಯೂ ಸೇರಿ 2021ರಲ್ಲೇ ಲೆಕ್ಕ ಹಾಕಿ ಇಟ್ಟಿದ್ದಾರೆ. 2016 ಒಂದೇ ವರ್ಷದಲ್ಲಿ ಇದರಿಂದ ಪಾರ್ಶ್ವವಾಯು, ಹೃದಯದ ಕಾಯಿಲೆ ಎರಡೂ ಸೇರಿ ಸತ್ತವರು 7 ಲಕ್ಷ 45 ಸಾವಿರ. ತಮ್ಮನಿಗೆ ಕಳಿಸಿದೆ. ನೋಡಿದ ಗುರುತು ಬಿತ್ತು, ಉತ್ತರ ಇಲ್ಲ. ಆಫೀಸಲ್ಲೇ ಇದ್ದಾನೋ ಏನೋ.

ಆಯಿಯ ಗಂಟೆ ಯಾರೂ ಲೆಕ್ಕ ಹಾಕಿಲ್ಲ. ಸಂಬಳದ ಕೆಲಸ ಅಲ್ಲವಲ್ಲ.

ಇನ್ನೊಂದು. ಕೆಲಸದಲ್ಲಿ ಸೋಂಕು ತಗಲುವ ವಸ್ತು ಮುಟ್ಟಬೇಕಾಗ್ತದಾ ಅಂತ ಇದೆ. ಉದಾಹರಣೆಗೆ ಕಸ, ರಕ್ತ, ಲ್ಯಾಬಿನ ಸಾಮಾನು. ನಮ್ಮಲ್ಲಿ ಬೆಟ್ಟಕ್ಕೆ ದರಕು (ಒಣಗಿದ ಎಲೆ) ತರಲು ಹೋದವರಿಗೆ ಉಣುಗು (ಉಣ್ಣೆ ಹುಳು) ಕಚ್ಚಿ ಮಂಗನ ಕಾಯಿಲೆ ಬರ್ತದೆ. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರಿನಲ್ಲಿ ಕಂಡದ್ದು, ಇನ್ನೂ ಹೋಗಿಲ್ಲ. ಈಗ ಅದರದ್ದೇ ಕಾಲ. ಉಣುಗನ್ನು ಯಾವ ಕಾಲಮ್ಮಿಗೆ ಹಾಕೋದು?

ಕೊನೆಯ ಪ್ರಶ್ನೆ, 60 ವರ್ಷದವರೆಗೆ ಈ ಕೆಲಸ ಮಾಡಬಲ್ಲಿರಾ ಅಂತ. "ಅಯ್ಯೋ, ನಂಗೆ ಎಷ್ಟಾಯ್ತು ಅಂತ ಮಾಡಿದ್ಯೆ ನೀನು?" ಅಂದಳು. ಆಧಾರ್ ಕಾರ್ಡಿನಲ್ಲಿ 63 ಅಂತ ಇದೆಯಂತೆ.

ನಾಳೆ ಅಡಿಕೆ ಗೊನೆ ಕೊಯ್ಯುವ ಕೊನೆಗೌಡ ಬರ್ತಾನೆ. ಹತ್ತಲು ಕಾಲಿಗೆ ತಳೆ ಅನ್ನೋ ಬಳೆ ಹಾಕಿ ಮರದಿಂದ ಮರಕ್ಕೆ ಹಾರುವವನು. ಅವನನ್ನೂ ಕೇಳಬೇಕು. ಅವನ ಅಣ್ಣನೂ ಇದೇ ಕೆಲಸದಲ್ಲಿದ್ದ, ಬಿದ್ದ ಮೇಲೆ ಮನೆಯಲ್ಲೇ ಇದ್ದಾನೆ. ಈಗ ಕೆಲಸ ಮಾಡುವವರನ್ನಷ್ಟೇ ಕೇಳುವ ಸಮೀಕ್ಷೆಗೆ ಅಣ್ಣ ಸಿಗೋದಿಲ್ಲ, ಗಟ್ಟಿ ಇರುವ ತಮ್ಮ ಮಾತ್ರ ಸಿಗ್ತಾನೆ. ಹಾಗಾಗಿ ಅವರ ಮನೆಗೇ ಹೋಗಿ ಇಬ್ಬರನ್ನೂ ಕೇಳೋಣ ಅಂತಿದ್ದೇನೆ. ಆಯಿಗೆ ಹೇಳಿದ್ದಕ್ಕೆ "ಅವ ಹೇಗೂ ಇಲ್ಲಿಗೇ ಬತ್ನಲೆ, ಅಲ್ಲಿಗೆ ಎಂತಕ್ಕೆ" ಅಂದರು. ಎಂತಕ್ಕೆ ಅಂತ ಹೇಳಲು ಹೊರಟರೆ ಇವತ್ತಿನ ಬೆನ್ನು ನೋವಿನ ಮಾತೂ ಬರ್ತದೆ, ಆಮೇಲೆ ಸುಲಿತದ ಕೂಲಿಯ ಮಾತೂ…