ಅಡ್ಜಸ್ಟ್

ಇಂದು ವಿಜಯಪುರದಿಂದ ಬಾಗಲಕೋಟೆಗೆ ಬರುವ ಬಸ್ಸಿನಲ್ಲಿ ಇಬ್ಬರ ಸೀಟಿಗೆ ಮೂರನೆಯವರಾಗಿ ಅಜ್ಜಿಯೊಬ್ಬರು ಬಂದರು. ತಲೆಯ ಮೇಲೆ ಇಳಕಲ್ ಸೀರೆಯ ಸೆರಗು, ಮಡಿಲಲ್ಲಿ ರೊಟ್ಟಿಯ ಗಂಟು. "ತಂಗೀ, ಸ್ವಲ್ಪ ಅಡ್ಜಸ್ಟ್ ಮಾಡಿಕೊ" ಎಂದರು. ಶಾಲೆಯ ಮೆಟ್ಟಿಲು ಹತ್ತದವರ ಬಾಯಲ್ಲೂ ಈ ಪದ ಎಷ್ಟು ಸಲೀಸು!

ಇಂಗ್ಲಿಷಿನವರು ಗಡಿಯಾರವನ್ನು, ಕನ್ನಡಕವನ್ನು ಅಡ್ಜಸ್ಟ್ ಮಾಡುತ್ತಾರೆ, ಹೊಸ ಊರಿಗೆ ಅಡ್ಜಸ್ಟ್ ಆಗುತ್ತಾರೆ. ಪಕ್ಕದವರಿಗೆ ಜಾಗ ಬಿಡುವುದಕ್ಕೆ ಆ ಮಾತು ಬಳಸಿದವರು ನಾವು. ಆದರೆ ಪದದ ಮೂಲ ಅರ್ಥ ನಮ್ಮ ಈ ಬಳಕೆಯ ಕಡೆಗೇ ಇದೆ. ಇಂಗ್ಲಿಷಿಗೆ ಅದು ಬಂದದ್ದು ಫ್ರೆಂಚಿನಿಂದ. ಅದರ ಹಿಂದಿರುವುದು ಲ್ಯಾಟಿನ್ನಿನ 'ಯುಕ್ಸ್ತಾ', ಅಂದರೆ ಹತ್ತಿರ, ಪಕ್ಕದಲ್ಲಿ. ಹತ್ತಿರಕ್ಕೆ ತರುವುದೇ ಮೊದಲ ಅರ್ಥ. ನಮ್ಮ 'ಯೋಗ'ಕ್ಕೂ ನೊಗ ಎಂಬ ಅರ್ಥದ 'ಯುಗ'ಕ್ಕೂ ಅದು ದೂರದ ನಂಟು. ಮುಂದೆ ಜನ ಅದನ್ನು ನ್ಯಾಯ ಎಂಬರ್ಥದ 'ಯುಸ್ತುಸ್' ಜೊತೆ ಬೆರೆಸಿಕೊಂಡರು, ಸರಿಪಡಿಸುವ ಅರ್ಥ ಗಟ್ಟಿಯಾಯಿತು.

ಇಲ್ಲಿಗೆ ಬಂದಾಗ ನನಗೆ ಮೈ ಜುಂ ಎಂದಿತು. ನಮ್ಮ 'ಸರಿ'ಯನ್ನೇ ನೋಡಿ. ಪಕ್ಕಕ್ಕೆ ಸರಿ ಎಂದರೂ ಅದೇ, ತಪ್ಪಲ್ಲ ಸರಿ ಎಂದರೂ ಅದೇ. ನನ್ನ ಅವ್ವ ಬಸ್ಸಿನಲ್ಲಿ "ಸ್ವಲ್ಪ ಸರಿಯಿರಿ" ಎಂದೇ ಕೇಳುತ್ತಿದ್ದಳು. ಆ ಮಾತು ಕೇಳಿ ಬಹಳ ದಿನಗಳಾದವು, ನಿಜಕ್ಕೂ ಬೇಸರವಾಗುತ್ತದೆ.

ಕೊಲ್ಹಾರದ ಸೇತುವೆ ಬಂದಾಗ ಅಜ್ಜಿ ಕಿಟಕಿಯತ್ತ ಬಾಗಿ ಕೃಷ್ಣೆಗೆ ಕೈಮುಗಿದರು. ನಾನು ಇನ್ನಷ್ಟು ಸರಿದು ಕುಳಿತೆ.